ದೀಪ ಹಚ್ಚಿ ಕೆಳಗಿಳಿಯುವ ರಾಣಿ

ಕಳೆದ ತಿಂಗಳು ನಮ್ಮ ರಾಜಕುಮಾರಿ ಖಸಬ್‌ಗೆ ಹೋದವಳು ವಾಪಸ್ ಬರಲಿಲ್ಲ.

ಗಾಬರಿಯಾಗಬೇಡಿ. ನಾಟಕದ ರಾಜಕುಮಾರಿ. ಹೆಸರು ಸ್ನೇಹಾ, ಕೆಲಸ ಸಿವಿಲ್ ಎಂಜಿನಿಯರ್. ಮಸ್ಕತ್‌ನ ನಮ್ಮ ಕನ್ನಡ ಬಳಗದ ವಾರ್ಷಿಕೋತ್ಸವಕ್ಕೆ ಒಂದೇ ವಾರ ಇರುವಾಗ ಕಂಪನಿಯವರು ಅವಳನ್ನು ಖಸಬ್ ಬಂದರಿನ ಸೈಟ್‌ಗೆ ಕಳಿಸಿದರು. ಎರಡು ದಿನ ಬಿಟ್ಟು ಫೋನ್ ಬಂತು. "ಆಂಟಿ, ಇಲ್ಲಿ ಕೆಲಸ ಮುಗಿಯೋ ಲಕ್ಷಣ ಇಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ಪ್ಲೀಸ್." ಖಲಾಸ್.

ನಾಟಕ ಬರೆದವಳು ನಾನು. (ನಿರ್ದೇಶನವೂ ನನ್ನದೇ. ಬಳಗದ ಸಾಂಸ್ಕೃತಿಕ ಕಾರ್ಯದರ್ಶಿಯೂ ನಾನೇ. ಹಾಗಾಗಿ ಬೈಸಿಕೊಳ್ಳುವುದಕ್ಕೆ ಪಾಲುದಾರರಿಲ್ಲ.)

ಕಥೆ ನಿಮಗೆ ಗೊತ್ತಿರುವುದೇ. ಹಿಂದಿನ ಕಾಲದ ಆ ಹಾಲಿವುಡ್ ನಟಿ. ಹೆಸರು, ಪ್ರಶಸ್ತಿ ಎಲ್ಲ ಕೈಯಲ್ಲಿರುವಾಗಲೇ ಸಮುದ್ರದಂಚಿನ ಪುಟ್ಟ ದೇಶವೊಂದರ ಅರಸನನ್ನು ಮದುವೆಯಾದಳು. ಸಿನಿಮಾ ಬಿಟ್ಟಳು. ಕೆಲವು ವರ್ಷಗಳಾದ ಮೇಲೆ ಹಳೆಯ ನಿರ್ದೇಶಕನೊಬ್ಬ ಹೊಸ ಪಾತ್ರ ಕೊಡುತ್ತೇನೆಂದ. ಅವಳು ಹ್ಞೂಂ ಅಂದಳು. ಅರಮನೆಯ ಹೆಂಗಸು ಬಣ್ಣ ಹಚ್ಚುವುದೇ ಅಂತ ಪ್ರಜೆಗಳು ಮುಖ ಸಿಂಡರಿಸಿದರು. ಆಗುವುದಿಲ್ಲ ಅಂತ ನಿರ್ದೇಶಕನಿಗೆ ಪತ್ರ ಬರೆದು ಸುಮ್ಮನಾದಳು. ಆಮೇಲೆ ಸಮಾರಂಭಗಳಿಗೆ ಹೋದಳು, ಟೇಪ್ ಕತ್ತರಿಸಿದಳು, ಕ್ಯಾಮೆರಾ ಕಡೆ ನೋಡಿ ನಕ್ಕಳು.

ಆ ಪ್ರಜೆಗಳ ಮೇಲೆ ನನಗೆ ವಿಪರೀತ ಸಿಟ್ಟು. ಆ ಸಿಟ್ಟಿನಲ್ಲೇ ಇಡೀ ನಾಟಕ ಬರೆದಿದ್ದೆ.

ಸ್ನೇಹಾಳ ಫೋನ್ ಬಂದಾಗ ಅಲ್ ಅಜೈಬಾದ ನಮ್ಮ ಫ್ಲ್ಯಾಟಿನ ಹಾಲಿನಲ್ಲಿ ರಿಹರ್ಸಲ್ ನಡೆಯುತ್ತಿತ್ತು. ಸೋಫಾದ ತುದಿಯಲ್ಲಿ ಮಾಲಿನಿ ಅಕ್ಕ ಚಹಾ ಕುಡಿಯುತ್ತ ಕೂತಿದ್ದರು. ದೀಪ ಹಚ್ಚುವುದಕ್ಕೆ ಎಷ್ಟು ಗಂಟೆಗೆ ಬರಬೇಕು ಅಂತ ಕೇಳಿ ಹೋಗಲು ಬಂದವರು.

ಮಾಲಿನಿ ಅಕ್ಕನ ಗಂಡ ಸದಾನಂದಣ್ಣ ವಾದಿ ಅದಾಯ್‌ನಲ್ಲಿ ಟೈಲ್ಸ್ ಶೋರೂಮ್ ಇಟ್ಟವರು, ನಮ್ಮ ಬಳಗದ ದೊಡ್ಡ ಸ್ಪಾನ್ಸರ್. ಹಾಲ್ ಬಾಡಿಗೆ ಅವರದು, ಊಟ ಅವರದು. ಹಾಗಾಗಿ ಹದಿನಾಲ್ಕು ವರ್ಷಗಳಿಂದ ದೀಪ ಹಚ್ಚುವುದು ಅಕ್ಕನೇ. ನಿರೂಪಕರು ಪ್ರತಿ ವರ್ಷ ಮೈಕಿನಲ್ಲಿ ಹೇಳುತ್ತಾರೆ: "ಮದುವೆಗೆ ಮುಂಚೆ ಮಂಗಳೂರಿನ ನಾಟಕ ತಂಡದ ನಾಯಕಿ, ಎರಡು ತುಳು ಸಿನಿಮಾಗಳ ಹೀರೋಯಿನ್." ನಾವು ಚಪ್ಪಾಳೆ ಹೊಡೆಯುತ್ತೇವೆ. ಅಕ್ಕ ದೀಪ ಹಚ್ಚುತ್ತಾರೆ. ಬೊಕೆ ಕೊಟ್ಟು ಕೆಳಗಿಳಿಸಿ, ಮುಂದಿನ ಸಾಲಿನ ಬಿಳಿ ಸೋಫಾದಲ್ಲಿ ಕೂರಿಸುತ್ತೇವೆ.

ಆ ದಿನ ಸ್ನೇಹಾಳ ಜಾಗಕ್ಕೆ ನಾನು ಯಾರ್ಯಾರ ಹೆಸರು ಹೇಳಿದೆ ಗೊತ್ತೇ? ಬಿಎಸ್ಸಿ ಓದುವಾಗ ಒಮ್ಮೆ ಫ್ಯಾಷನ್ ಶೋ ಮಾಡಿದ್ದ ಪಕ್ಕದ ಮನೆಯವಳು. ಝುಂಬಾ ಟೀಚರ್. ಕನ್ನಡ ಓದಲು ಬಾರದ ನನ್ನ ಮಗಳು. ("ಅಮ್ಮಾ, ನೋ ವೇ," ಅಂತ ರೂಮಿನಿಂದಲೇ ಉತ್ತರ ಬಂತು.)

ಅಕ್ಕ ಕಪ್ ಕೆಳಗಿಟ್ಟರು. "ನಾನು ಮಾಡ್ಲಿಕ್ಕೆ ಆಗುದಿಲ್ವಾ?"

ನಾನು ನಕ್ಕೆ. ದೇವರಾಣೆ, ನಕ್ಕೆ. "ನೀವಾ ಅಕ್ಕ? ನೀವು ಚೀಫ್ ಗೆಸ್ಟ್. ನಿಮಗ್ಯಾಕೆ ಈ ತಾಪತ್ರಯ?"

"ಹದಿನಾಲ್ಕು ವರ್ಷದಿಂದ ನನ್ನನ್ನು ಸ್ಟೇಜ್ ಹತ್ತಿಸ್ತೀರಿ," ಅಂದರು, ದನಿ ಏರಿಸದೆ. "ದೀಪ ಹಚ್ಚಿದ ಕೂಡ್ಲೆ ಇಳಿಸ್ತೀರಿ. ಲೈಟಿನ ಬಿಸಿ ಮುಖಕ್ಕೆ ತಾಗುವಷ್ಟರಲ್ಲಿ ನಾನು ಕೆಳಗೆ ಇರ್ತೇನೆ."



ಅಕ್ಕ ನನ್ನ ಕೈಯಲ್ಲಿದ್ದ ಸ್ಕ್ರಿಪ್ಟ್ ತೆಗೆದುಕೊಂಡು ಪತ್ರ ಬರೆಯುವ ದೃಶ್ಯ ಓದಿದರು. ಅಲ್ಲಿ ರಾಜಕುಮಾರಿ ಬಿಕ್ಕಿ ಬಿಕ್ಕಿ ಅಳಬೇಕು ಅಂತ ನಾನು ದಪ್ಪಕ್ಷರದಲ್ಲಿ ಬರೆದಿದ್ದೆ. "ಇಲ್ಲಿ ಅಳ್ಲಿಕ್ಕೆ ಇಲ್ಲ. ಎದುರು ಕೆಲಸದವರು ನಿಂತಿದ್ದಾರಲ್ಲ," ಅಂದರು. ನಮ್ಮ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಪತ್ರ ಬರೆದರು. ಮಡಚಿದರು. ಮಡಚಿದ್ದನ್ನು ಇನ್ನೊಮ್ಮೆ ಮಡಚಿದರು. ಕೆಲಸದವಳ ಪಾತ್ರದಲ್ಲಿದ್ದ ಹುಡುಗಿಯ ಕೈಗೆ ಕೊಟ್ಟು, "ಚಹಾ ತಣಿದಿದೆ, ಬೇರೆ ತಾ," ಅಂದರು. ಆ ಸಾಲು ನನ್ನ ನಾಟಕದಲ್ಲಿ ಇರಲೇ ಇಲ್ಲ. ನನ್ನ ದಪ್ಪಕ್ಷರ ಹೊಡೆದುಹಾಕಿ ಅದನ್ನು ಬರೆದುಕೊಂಡೆ.

ಆದರೂ ಭಯ. ಸ್ಪಾನ್ಸರ್ ಹೆಂಡತಿಗೆ ಬಣ್ಣ ಹಚ್ಚಿಸಿದರೆ ಸದಾನಂದಣ್ಣ ಏನಂದುಕೊಳ್ಳುತ್ತಾರೋ? ಮುನಿಸಿಕೊಂಡರೆ ಬಳಗದ ಗತಿ? ಮಹಿಳಾ ಸ್ವಾತಂತ್ರ್ಯದ ಬಗ್ಗೆ ಇದೇ ಅಂಕಣದಲ್ಲಿ ಪುಟಗಟ್ಟಲೆ ಬರೆದ ನಾನು ಬಾಲ್ಕನಿಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಆಕೆಯ ಗಂಡನ ಪರ್ಮಿಷನ್ ಕೇಳಲು ಫೋನ್ ಮಾಡಿದೆ. (ನಾಚಿಕೆ ಈಗ ಆಗುತ್ತಿದೆ. ಆಗ ಆಗಲಿಲ್ಲ.)

"ನಾನು ಯಾವಾಗ ಬೇಡ ಹೇಳಿದ್ದು ಮಾರಾಯ್ರೆ?" ಅಂದರು ಸದಾನಂದಣ್ಣ.

"ಹೇಳಿಲ್ಲ ಅಣ್ಣ. ನಾವೇ..."

"ಅವಳಿಗೇ ಇಂಟರೆಸ್ಟ್ ಹೋಗಿದೆ ಅಂತ ನಾನು ಗ್ರಹಿಸಿದ್ದು." ಶೋರೂಮಿನಲ್ಲಿ ಯಾರೋ ಹಿಂದಿಯಲ್ಲಿ ರೇಟ್ ಕೇಳುತ್ತಿದ್ದರು. "ಕೇಳ್ಬೇಕಿತ್ತು," ಅಂದು ಫೋನ್ ಇಟ್ಟರು.

ಆ ಪುಟ್ಟ ದೇಶದ ಪ್ರಜೆಗಳೇ ವಾಸಿ ಅನ್ನಿಸಿತು. ಅವರು ಬಾಯಿಬಿಟ್ಟು ಬೇಡ ಅಂದರು. ಯಾರ ಮೇಲೆ ಸಿಟ್ಟು ಮಾಡಬೇಕು ಅಂತ ಆ ನಟಿಗೆ ಗೊತ್ತಿತ್ತು. ನಾವು? ಗೌರವ ಕೊಟ್ಟೆವು. ಶಾಲು ಹೊದಿಸಿದೆವು. ಹದಿನಾಲ್ಕು ಬೊಕೆ ಕೊಟ್ಟೆವು. ಬೊಕೆ ಹಿಡಿದುಕೊಂಡು ಜಗಳ ಆಡುವುದು ಹೇಗೆ?

ಶುಕ್ರವಾರ, ವಾರ್ಷಿಕೋತ್ಸವದ ಸಂಜೆ, ಇನ್ನೊಂದು ಎಡವಟ್ಟು. ಆಮಂತ್ರಣ ಮೊದಲೇ ಪ್ರಿಂಟ್ ಆಗಿತ್ತಲ್ಲ, ದೀಪವನ್ನೂ ಅಕ್ಕನೇ ಹಚ್ಚಬೇಕಾಯಿತು. ರೇಷ್ಮೆ ಸೀರೆಯಲ್ಲಿ ದೀಪ ಹಚ್ಚಿ, ಬೊಕೆಯನ್ನು ನನ್ನ ಕೈಗೆ ತುರುಕಿ, ಗ್ರೀನ್ ರೂಮಿಗೆ ಓಡಿದರು. ಗೌನು ಹಾಕಿ, ವಿಗ್ ಕೂರಿಸುವಷ್ಟರಲ್ಲಿ ಅರ್ಧ ಗಂಟೆ ತಡ. ಜನ ಗೊಣಗಿದರು. ಪರದೆ ಎದ್ದ ಮೇಲೆ ಗೊಣಗಲಿಲ್ಲ.

ಪತ್ರದ ದೃಶ್ಯ ಬಂತು. ಬರೆದರು, ಮಡಚಿದರು, ಚಹಾ ಕೇಳಿದರು. ಬಿಳಿ ಸೋಫಾದಲ್ಲಿ ಒಬ್ಬರೇ ಕೂತಿದ್ದ ಸದಾನಂದಣ್ಣ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಳ್ಳಲೇ ಇಲ್ಲ.

ನಾಟಕ ಮುಗಿದ ಮೇಲೆ ಗ್ರೀನ್ ರೂಮಿಗೆ ಹೋದೆ. ಅಕ್ಕ ಕನ್ನಡಿ ಮುಂದೆ ಕೂತು ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆಯುತ್ತಿದ್ದರು. ಕ್ಷಮೆ ಕೇಳಬೇಕು ಅಂತ ಒಂದು ಭಾಷಣವನ್ನೇ ತಯಾರು ಮಾಡಿಕೊಂಡಿದ್ದೆ. ಬಾಯಿ ತೆರೆಯಲು ಬಿಡಲಿಲ್ಲ.

"ಮುಂದಿನ ವರ್ಷ ದೀಪ ಹಚ್ಲಿಕ್ಕೆ ಬೇರೆ ಯಾರನ್ನಾದ್ರೂ ನೋಡಿ. ನನಗೆ ಮೇಕಪ್‌ಗೆ ಟೈಮ್ ಬೇಕು."