ಖಾಡಿಯ ಗೇಟು ಎಷ್ಟಕ್ಕೆ ಮುಚ್ಚಬೇಕು

ಸಭೆಗಳಲ್ಲಿ ಕೆಲವರಿಗೆ ನಿದ್ದೆ ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಆ ಚಳಿಗಾಲ ಅಂಧೇರಿಯ ಒಂದು ಕಚೇರಿಯಲ್ಲಿ ಮೇಲಿಂದ ಮೇಲೆ ಸಭೆಗಳಾದವು. ನನ್ನ ಸಿಟ್ಟೆಲ್ಲ ಎದುರು ಕುರ್ಚಿಯಲ್ಲಿ ಕೂತಿದ್ದ ಜೀವಶಾಸ್ತ್ರದ ಪ್ರೊಫೆಸರ ಮೇಲಿತ್ತು. ಅವರು ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು, ನಿವೃತ್ತಿ ಹತ್ತಿರ ಬಂದಿತ್ತು. ಉಡುಪಿ ಕಡೆಯವರು. ಮನೆಯವರೆಲ್ಲ ಹೋಟೆಲು ನಡೆಸುವವರು. ಇವರೊಬ್ಬರು ಮಾತ್ರ ಗಲ್ಲಾ ಬಿಟ್ಟು ಕೆಸರಿಗೆ ಇಳಿದಿದ್ದರು. ನಾನು ಧಾರವಾಡದವಳು, ಸಂಸಾರ ಚೆಂಬೂರಿನಲ್ಲಿ, ಉದ್ಯೋಗ ನೀರಿನ ಇಂಜಿನಿಯರಿಕೆ. ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು.

ವಿಷಯ ಸಣ್ಣದು. ಪೂರ್ವ ಉಪನಗರದಲ್ಲಿ ಮಳೆನೀರು ಸಾಗಿಸುವ ಒಂದು ನಾಲಾ, ಸಮುದ್ರ ಒಳಕ್ಕೆ ಚಾಚಿಕೊಂಡ ಖಾಡಿಗೆ ಸೇರುತ್ತದೆ. ಸಮುದ್ರ ಉಬ್ಬಿ ಭರತಿ ಏರಿದಾಗ ಖಾಡಿಯ ಉಪ್ಪುನೀರು ನಾಲಾದೊಳಕ್ಕೆ ಹಿಂದೆ ನುಗ್ಗುತ್ತದೆ. ಅದೇ ಹೊತ್ತಿಗೆ ಜೋರು ಮಳೆಯೂ ಬಿದ್ದರೆ ದಂಡೆಯ ಚಾಳಿನ ಮನೆಗಳಿಗೆ ನೀರು ಹೊಗುತ್ತದೆ. ಅದನ್ನು ತಡೆಯಲು ನಾಲಾದ ಬಾಯಿಗೆ ಗೇಟು ಹಾಕಬೇಕೆಂದು ತೀರ್ಮಾನವಾಗಿತ್ತು. ಆದರೆ ಗೇಟಿನ ಒಳಬದಿಗೆ, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಒಂದು ತುಂಡು ಕೆಸರು ಜಾಗವಿತ್ತು. ಅದರ ತುಂಬ ಬಿಲಗಳು, ಬಿಲಗಳಲ್ಲಿ ನಿವಟಿಗಳು. ನಿವಟಿ ಎಂದರೆ ನೀರಿಗಿಂತ ಕೆಸರಿನ ಮೇಲೆಯೇ ಹೆಚ್ಚು ಹೊತ್ತು ಕುಪ್ಪಳಿಸಿಕೊಂಡಿರುವ ದಪ್ಪಕಣ್ಣಿನ ಮೀನು. ಪ್ರೊಫೆಸರು ವಿದ್ಯಾರ್ಥಿಯಾಗಿದ್ದ ಕಾಲದಿಂದಲೂ ಆ ಜಾಗವನ್ನೇ ನೋಡುತ್ತ ಬಂದವರು. ಗೇಟು ಪೂರ್ತಿ ಮುಚ್ಚಿದರೆ ಅಲ್ಲಿಗೆ ಭರತಿಯ ನೀರು ಬರುವುದಿಲ್ಲ, ನೀರು ಬರದಿದ್ದರೆ ಎಲ್ಲವೂ ಸಾಯುತ್ತದೆ ಎಂಬುದು ಅವರ ಮಾತು.

ನನಗೂ ಮೀನುಗಳ ಮೇಲೆ ದ್ವೇಷವಿರಲಿಲ್ಲ. ಗೇಟಿಗೆ ಒಂದು ಕಿಂಡಿ ಇಟ್ಟು, ನೀರು ಇಂತಿಷ್ಟು ಎತ್ತರಕ್ಕೆ ಬಂದಾಗ ಅದು ತಾನಾಗಿ ಮುಚ್ಚುವಂತೆ ಮಾಡೋಣ ಎಂದು ಹೇಳಿದವಳು ನಾನೇ. ಟ್ಯಾಂಕಿ ತುಂಬಿದಾಗ ನೀರು ನಿಲ್ಲಿಸುವ ಬಾಲ್‌ಕಾಕ್ ಇದ್ದ ಹಾಗೆ. ಅದಕ್ಕೆ ಅವರೂ ಒಪ್ಪಿದರು. ಜಗಳ ಬಂದದ್ದು ಎಷ್ಟು ಎತ್ತರಕ್ಕೆ ಎಂಬಲ್ಲಿ.

ನನ್ನ ಲೆಕ್ಕ ಒಂದೂವರೆ ಮೀಟರ್. ಅವರ ಲೆಕ್ಕ ನಾಲ್ಕು.

ಸಭೆ ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಜೋರಾದಾಗ ಹಿಂದಿಯಲ್ಲಿ. ನಿಜವಾದ ಜಗಳ ಹೊರಗೆ ಚಹಾದ ಮೇಜಿನ ಹತ್ತಿರ ಕನ್ನಡದಲ್ಲಿ ನಡೆಯುತ್ತಿತ್ತು.

"ಒಂದೂವರೆಗೆ ಮುಚ್ಚಿದ್ರೆ ನೀರು ಆ ಕೆಸರಿನ ಹತ್ರ ಸಹ ಬರುದಿಲ್ಲ ಮಾರಾಯ್ರೆ. ಮತ್ತೆ ಆ ಕಿಂಡಿ ಎಂತಕ್ಕೆ? ಗಾಳಿ ಬರ್ಲಿಕ್ಕಾ?" ಎಂದು ಅವರು.

"ನಾಲ್ಕಕ್ಕ ಬಿಟ್ರ ಚಾಳಿನ್ಯಾಗ ಗ್ಯಾಸ್ ಸಿಲಿಂಡರ್ ತೇಲ್ತಾವ್ರಿ ಸರ್. ಅವಾಗ ನಿಮ್ಮ ಮೀನ ಬಂದು ಉತ್ತರ ಕೊಡ್ತಾವೇನು?" ಎಂದು ನಾನು.

ನನ್ನ ಮಾತು ಒರಟು, ಗೊತ್ತು. ಆದರೆ ನಾನು ಆ ಚಾಳಿನ ಮನೆಗಳನ್ನು ಹೊಕ್ಕು ನೋಡಿದ್ದೆ. ಗೋಡೆಯ ಮೇಲೆ ಹಿಂದಿನ ಮಳೆಗಾಲದ ನೀರಿನ ಗೆರೆ ಇತ್ತು. ಫ್ರಿಜ್ಜು, ಅಕ್ಕಿಯ ಡಬ್ಬ, ದೇವರ ಪೀಠ ಎಲ್ಲವೂ ಇಟ್ಟಿಗೆಯ ಮೇಲೆ ಕೂತಿದ್ದವು. ಅದನ್ನು ನೋಡಿಬಂದವರಿಗೆ ನಾಲ್ಕು ಮೀಟರ್ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಪ್ರೊಫೆಸರಿಗೆ ಮನುಷ್ಯರು ಕಾಣುವುದೇ ಇಲ್ಲ ಎಂದು ಮನೆಯಲ್ಲಿ ಗಂಡನ ಹತ್ತಿರ ಬೈಯುತ್ತಿದ್ದೆ. ಅವರು ತಮ್ಮ ಮನೆಯಲ್ಲಿ ನನ್ನನ್ನು ಏನೆನ್ನುತ್ತಿದ್ದರೋ ನಾನು ಕೇಳಲಿಲ್ಲ.

ಅಷ್ಟರಲ್ಲಿ ನಾಲಾದ ಹತ್ತಿರ ಇನ್ನೊಂದು ಕೆಲಸ ಆಗಿಹೋಗಿತ್ತು. ಗೇಟಿನ ಅಡಿಪಾಯ ಹಾಕಲು ಜಾಗ ಒಣಗಿರಬೇಕು. ಅದಕ್ಕಾಗಿ ಗುತ್ತಿಗೆದಾರ ಮಳೆಗಾಲ ಮುಗಿದ ಕೂಡಲೇ ಮಣ್ಣಿನ ಚೀಲಗಳನ್ನು ಪೇರಿಸಿ ನಾಲಾದ ಬಾಯಿ ಕಟ್ಟಿದ್ದ. ಒಳಗಿನ ನೀರನ್ನು ದಪ್ಪ ಪೈಪಿನಲ್ಲಿ ಆಚೆ ದಾಟಿಸುತ್ತಿದ್ದರು. ಅಡಿಪಾಯ ಬೇಗ ಮುಗಿಯಿತು. ಆದರೆ ಎತ್ತರ ತೀರ್ಮಾನವಾಗದೆ ಗೇಟು ತಯಾರಾಗುವಂತಿಲ್ಲ, ಗೇಟು ಬರದೆ ಚೀಲ ತೆಗೆಯುವಂತಿಲ್ಲ. ನಾವು ಜಗಳವಾಡುವಷ್ಟು ದಿನವೂ ಆ ಕೆಸರಿಗೆ ಭರತಿ ಇಲ್ಲ. ಪ್ರೊಫೆಸರು ಪ್ರತಿ ಸಭೆಯಲ್ಲೂ ಇದನ್ನು ಹೇಳುತ್ತಿದ್ದರು. ಸಭೆಯ ಅಧ್ಯಕ್ಷತೆ ವಹಿಸುತ್ತಿದ್ದ ಅಧಿಕಾರಿ ಬಿಸ್ಕತ್ತು ಮುರಿಯುತ್ತ, ಹಾಗಿದ್ದರೆ ಬೇಗ ಒಪ್ಪಿಕೊಳ್ಳಿ ಎನ್ನುತ್ತಿದ್ದರು.

ಬಿಸಿಲು ಏರತೊಡಗಿದ ಮೇಲೆ ಒಂದು ಬೆಳಿಗ್ಗೆ ಪ್ರೊಫೆಸರ ಫೋನು ಬಂತು.

"ನಾನು ಇನ್ನು ಮೀಟಿಂಗಿಗೆ ಬರುದಿಲ್ಲ ಮೇಡಂ. ನೀವೇ ನಾಲಾದ ಹತ್ರ ಬನ್ನಿ. ಒಂದ್ಸಲ ನನ್ನ ಜೊತೆ ನಿಂತು ನೋಡಿ, ಆಮೇಲೆ ಬೇಕಾದ್ದು ಮಾಡಿ."

ನಾನು ಅಲ್ಲಿಗೆ ಹೋಗಿಲ್ಲವೆಂದಲ್ಲ. ಸರ್ವೇ ಮಾಡುವವರೊಡನೆ ಹಲವು ಸಲ ಹೋಗಿದ್ದೆ. ಪ್ರೊಫೆಸರು ಅಲ್ಲಿ ಅರ್ಧ ಆಯುಷ್ಯ ಕಳೆದಿದ್ದರು. ಇಬ್ಬರೂ ಒಟ್ಟಿಗೆ ಮಾತ್ರ ಒಂದು ಸಲವೂ ಹೋಗಿರಲಿಲ್ಲ. ರಿಕ್ಷಾ ಹಿಡಿದು ಹೋದೆ. ಅವರು ರಬ್ಬರ್ ಬೂಟು ಹಾಕಿಕೊಂಡು ದಂಡೆಯ ಗೋಡೆಗೆ ಒರಗಿ ನಿಂತಿದ್ದರು. ಒಳಗಿನ ಕೆಸರು ಅಲ್ಲಲ್ಲಿ ಬಿರುಕು ಬಿಟ್ಟಿತ್ತು.

"ಎಲ್ಲಿ, ನಿಮ್ಮ ಒಂದೂವರೆ ತೋರಿಸಿ" ಎಂದರು.

ಸರ್ವೇಯವರು ಗೋಡೆಗೆ ಬಳಿದ ಕೆಂಪು ಗುರುತಿನಿಂದ ಟೇಪು ಹಿಡಿದು ಅಳೆದೆ. ಸರಿಯಾದ ಜಾಗದ ಮೇಲೆ ಅಂಗೈ ಇಟ್ಟು, "ಇಲ್ಲಿ ನೋಡ್ರಿ" ಎಂದೆ.

ಅವರು ಕೆಸರಿನ ಅಂಚಿಗೆ ತಾವೇ ನೆಟ್ಟಿದ್ದ ಒಂದು ಕೋಲನ್ನು ನೋಡಿದರು, ಮತ್ತೆ ನನ್ನ ಕೈಯನ್ನು ನೋಡಿದರು. ಕೋಲಿನ ಮೇಲೆ ಅವರು ನಾಲ್ಕು ಮೀಟರಿಗೆ ಕಟ್ಟಿದ್ದ ನೀಲಿ ದಾರ ನನ್ನ ಅಂಗೈಯ ಎತ್ತರದಲ್ಲೇ ಇತ್ತು. ಹೆಚ್ಚುಕಡಿಮೆ ಇದ್ದರೂ ನಾಲ್ಕು ಬೆರಳಿನಷ್ಟು.

ಆಮೇಲೆ ವಿವರಿಸಲು ಏನೂ ಉಳಿಯಲಿಲ್ಲ. ಇಂಜಿನಿಯರುಗಳಾದ ನಾವು ಎತ್ತರವನ್ನು ಸಮುದ್ರದ ಸರಾಸರಿ ಮಟ್ಟದಿಂದ ಅಳೆಯುತ್ತೇವೆ. ಅವರು ಭರತಿ ಇಳಿತಗಳ ಪಟ್ಟಿ ನೋಡಿ ಅಳೆದಿದ್ದರು. ಅದರ ಸೊನ್ನೆ ಸಮುದ್ರ ಅತಿ ಕೆಳಕ್ಕೆ ಇಳಿದಾಗಿನ ಮಟ್ಟ, ನಮ್ಮ ಸೊನ್ನೆಗಿಂತ ಸುಮಾರು ಎರಡೂವರೆ ಮೀಟರ್ ಕೆಳಗೆ. ಇಬ್ಬರ ಕಾಗದದ ಕೆಳಗೂ ಸಣ್ಣ ಅಕ್ಷರದಲ್ಲಿ ಅದು ಬರೆದೇ ಇತ್ತು. ಎದುರಿನವರು ತಪ್ಪು ಎಂಬುದು ಇಬ್ಬರಿಗೂ ಮೊದಲೇ ಖಾತ್ರಿಯಾಗಿದ್ದರಿಂದ ಯಾರೂ ಓದಿರಲಿಲ್ಲ. ನನಗೆ ನಗು ಬಂತು, ನಕ್ಕೂಬಿಟ್ಟೆ. ಅವರು ನಗಲಿಲ್ಲ.

ಆ ನಾಲ್ಕು ಬೆರಳನ್ನು ನಾನು ಬಿಟ್ಟುಕೊಟ್ಟೆ. ಅಷ್ಟು ಎತ್ತರಕ್ಕೂ ಚಾಳಿನ ಹೊಸ್ತಿಲಿಗೆ ಅಪಾಯವಿರಲಿಲ್ಲ. ಗೇಟು ತಯಾರಾಗಿ ಬರುವಷ್ಟರಲ್ಲಿ ಮಳೆಗಾಲ ಬಾಗಿಲಿಗೆ ಬಂದಿತ್ತು. ಚೀಲಗಳನ್ನು ತೆಗೆಸಿದ ದಿನ ಅಧಿಕಾರಿ ಬಂದರು, ಪೇಡಾ ಹಂಚಿದರು, ಇಂಜಿನಿಯರರೂ ಜೀವಶಾಸ್ತ್ರಜ್ಞರೂ ಕೂಡಿದರೆ ಹೀಗೆ ಎಂದು ನಮ್ಮಿಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ಫೋಟೊ ತೆಗೆಸಿದರು. ಭರತಿಯ ನೀರು ಕಿಂಡಿಯಿಂದ ಒಳಗೆ ಬಂದು ನೀಲಿ ದಾರ ಮುಟ್ಟಿತು. ಕಿಂಡಿ ತಾನಾಗಿ ಮುಚ್ಚಿಕೊಂಡಿತು. ನನ್ನ ಕೆಲಸ ಅಷ್ಟು ಸರಿಯಾಗಿ ಆದದ್ದು ಕಂಡು ನನಗೆ ಸಂತೋಷವೇ ಆಯಿತು.

ಪ್ರೊಫೆಸರು ಕೆಸರಿನ ಅಂಚಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಿದ್ದರು. ನಾನೂ ಹೋಗಿ ನಿಂತೆ. ಕಾಂಡ್ಲಾ ಗಿಡಗಳ ಎಲೆ ಹಳದಿಯಾಗಿತ್ತು. ಬಿಲಗಳ ಬಾಯಿ ಒಣಗಿ, ಅಂಚು ಪುಡಿಯಾಗಿತ್ತು. ಒಂದು ನಿವಟಿಯೂ ಕಾಣಲಿಲ್ಲ.

"ನೀರು ಬಂತಲ್ರಿ ಸರ್, ಇನ್ನ ಅವೂ ಬರ್ತಾವ" ಎಂದೆ.

"ಬರ್ತವೆ. ಖಾಡಿಯಲ್ಲಿ ಬೇಕಾದಷ್ಟು ಉಂಟು, ಬೇರೆ ಬರ್ತವೆ" ಎಂದರು. ಪುಡಿಯಾದ ಬಿಲದ ಅಂಚನ್ನು ಬೆರಳಿನಿಂದ ಮುಟ್ಟಿ, "ನಮ್ಮಿಬ್ಬರಿಗೆ ಜಗಳವೇ ಇರ್ಲಿಲ್ಲ ಮೇಡಂ. ಆ ಇಲ್ಲದ ಜಗಳಕ್ಕೆ ಇವು ಸತ್ತು ಹೋದವು" ಎಂದರು.

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನೀರು ಬಿರುಕುಗಳೊಳಗೆ ಇಳಿಯುತ್ತಿತ್ತು, ಬಿಲಗಳಿಂದ ಒಂದೊಂದಾಗಿ ಗುಳ್ಳೆ ಏಳುತ್ತಿತ್ತು. ಗುಳ್ಳೆ ಎದ್ದಾಗಲೆಲ್ಲ ಅವರು ಬಗ್ಗಿ ನೋಡುತ್ತಿದ್ದರು. ಅದು ಬರೀ ಗಾಳಿ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು, ಆದರೂ ನೋಡುತ್ತಿದ್ದರು.