ಅಕ್ಕನ ಚೀಟಿಯಲ್ಲಿದ್ದ ಇಂಗ್ಲಿಷ್ ಪದ

ಹಿಸ್ಟೀರಿಯಾ ಎಂಬ ಪದ ಕಿವಿಗೆ ಬಿದ್ದರೆ ಈಗಲೂ ನನಗೆ ಅಕ್ಕನ ಚೀಟಿ ನೆನಪಾಗುತ್ತದೆ. ಆಗ ನಮ್ಮೂರು ಕೊಳ್ಳೇಗಾಲ ಇನ್ನೂ ಮದರಾಸು ಸರ್ಕಾರದ್ದು. ಅಕ್ಕನನ್ನು ಕೊಟ್ಟಿದ್ದ ಯಳಂದೂರು ಮೈಸೂರಿನದು. ಮದುವೆಯಾಗಿ ಮೂರು ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಇದ್ದಕ್ಕಿದ್ದಂತೆ ಹಲ್ಲು ಕಚ್ಚಿಕೊಂಡು ಬೀಳುವ ಕಾಯಿಲೆ ಬೇರೆ ಶುರುವಾಯಿತು. ಅವಳ ಅತ್ತೆ ನಮ್ಮ ಮನೆಗೆ ಕರೆತಂದು, ನಮ್ಮೂರ ಆಸ್ಪತ್ರೆಯಲ್ಲಿ ತೋರಿಸಿದರು. ತಮಿಳು ಡಾಕ್ಟರು ಚೀಟಿಯಲ್ಲಿ ಒಂದೇ ಪದ ಗೀಚಿ ಕೊಟ್ಟರು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವಳು ಹನ್ನೆರಡು ವರ್ಷದ ನಾನೊಬ್ಬಳೇ.

"ನಾಳೆ ಇಸ್ಕೂಲಲ್ಲಿ ಕೇಳ್ಕಂಡು ಬಾರವ್ವ. ಮೈಯಲ್ಲಿ ಏನಾರ ಐಬಿದ್ರೆ ನಾನು ಕರ್ಕಂಡು ಓಗಾಕಿಲ್ಲ," ಎಂದರು ಅತ್ತೆ.

ಟೀಚರಮ್ಮ ದಪ್ಪ ನಿಘಂಟು ತೆಗೆದು, ಪದದ ಮೂಲ ಗ್ರೀಕ್, ಅರ್ಥ ಗರ್ಭಕೋಶ ಎಂದರು. ಅದು ಜಾಗ ಬಿಟ್ಟು ಮೈಯೊಳಗೆ ಅಲೆದಾಡುವುದರಿಂದಲೇ ಹೆಂಗಸರು ಹೀಗೆ ಬೀಳುತ್ತಾರೆಂದು ಹಿಂದೆ ನಂಬಿದ್ದರಂತೆ.

"ಅದೆಲ್ಲ ಹಳೇ ಕಾಲದ ನಂಬಿಕೆ ಕಣಮ್ಮ. ಇದು ಹೆದರಿಕೆಗೆ, ಸಂಕಟಕ್ಕೆ ಬರುವ ಕಾಯಿಲೆ," ಎಂದು ಬೆನ್ನು ತಟ್ಟಿದರು.

ಟೀಚರಮ್ಮನಿಗೇನು, ಹೇಳಿ ಮುಗಿಸಿದರು. ಅತ್ತೆ ಗರ್ಭಕೋಶ ಎಂಬಷ್ಟನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆಂದು ನನಗೆ ಗೊತ್ತಿತ್ತು. ಅಕ್ಕ ತವರಿಗೆ ಬಂದು ಕೂತರೆ ಊರು ಬಾಯಿಗೆ ಬಂದಂತೆ ಆಡಿಕೊಳ್ಳುತ್ತದೆ, ಅಪ್ಪ ತಲೆಯೆತ್ತಿ ತಿರುಗುವ ಹಾಗಿಲ್ಲ, ನನ್ನನ್ನೂ ಯಾರೂ ಕೇಳಿಕೊಂಡು ಬರುವುದಿಲ್ಲ. ನಿಜ ಹೇಳಬೇಕೆಂದರೆ, ಈ ಕೊನೆಯದೇ ನನಗೆ ಹೆಚ್ಚು ಭಯ.

ಅತ್ತೆ ಜಗಲಿಯಲ್ಲೇ ಕಾಯುತ್ತಿದ್ದರು. "ಏನಂತೆ?"

"ರಕ್ತ ಕಮ್ಮಿಯಂತೆ. ಹಾಲು ಕುಡುದ್ರೆ ಸರೋಯ್ತದಂತೆ."

"ಅಷ್ಟೇಯಾ?"

ಅವರು ನನ್ನ ಮುಖವನ್ನೇ ನೋಡಿದರು. ಅಷ್ಟೇ ಎಂದು ತಲೆಯಾಡಿಸಿದೆ.

ಮರುದಿನವೇ ಸೊಸೆಯನ್ನು ಹೊರಡಿಸಿದರು. ಅವ್ವ ಅಕ್ಕನನ್ನು ಮಣೆಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿದಳು. ಅಕ್ಕ ಹಿಡಿದಿದ್ದ ಸೆರಗು ಜಾರಿ ಅಕ್ಕಿ ನೆಲಕ್ಕೆ ಚೆಲ್ಲಿತು. ಅಪಶಕುನವೆಂದು ಗಾಬರಿಯಾದ ಅವ್ವ, ಬೇರೆ ಅಕ್ಕಿ ತರಲು ಒಳಗೆ ಓಡಿದಳು. ಚೆಲ್ಲಿದ್ದನ್ನು ಬಾಚಲು ನಾನು ಬಗ್ಗಿದೆ. ಅಕ್ಕ ಕುಪ್ಪಸದ ತೋಳನ್ನು ಮೇಲೆ ಸರಿಸಿದಳು. ಒಂದರ ಪಕ್ಕ ಒಂದು, ಬರೆ ಹಾಕಿದ ಗುರುತುಗಳು. ಅವನ್ನು ನಾನು ಅದುವರೆಗೂ ನೋಡಿರಲಿಲ್ಲ.

"ರಕ್ತ ಕಮ್ಮಿ ಅಂತ ಬರ್ದಿಲ್ಲ, ನಂಗೊತ್ತು ಕಣೆ," ಎಂದು ಪಿಸುಗುಟ್ಟಿದಳು. "ಗರ್ಭಕೋಶದ್ದು ಅಂತ ಆಸ್ಪತ್ರೆ ನರ್ಸಮ್ಮ ನನ್ನೊಬ್ಳಿಗೇ ಯೋಳಿದ್ರು. ನೀನು ಅದ್ನೇ ಯೋಳ್ಬುಟ್ಟಿದ್ರೆ ನನ್ನ ಇಲ್ಲೇ ಬುಟ್ಟೋಗೋರು."