ಬಣ್ಣ ಹಾಕದೆ ನೋಡಿದ ಎಲೆ

ಅನುಮಾನ ಪಡುವ ಗುಣ ನನಗೆ ಅಪ್ಪನಿಂದ ಬಂದದ್ದು. ಬೇವೂರಿನ ನಮ್ಮ ಮನೆಯಲ್ಲಿ ಅಪ್ಪ ಅಂಗಡಿಯ ಬೆಲ್ಲವನ್ನೂ ಮೂಸಿ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಅಂಥವನು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಕುಷ್ಟಗಿ ಸಂತೆಯಲ್ಲಿ ಕೂತಿದ್ದ ಒಬ್ಬನಿಂದ ಮೊಣಕಾಲು ನೋವಿಗೆ ಬೂದುಬಣ್ಣದ ಪುಡಿ ತಂದ. ಮೂರೇ ದಿನಕ್ಕೆ ನೋವು ಮಾಯ! ಇಷ್ಟು ಬೇಗ ಗುಣ ಕೊಡುವ ಪುಡಿಯಲ್ಲಿ ಏನೋ ಮಸಲತ್ತು ಇದೆ ಎಂದು ನನಗನಿಸಿತು. ಅಪ್ಪನಿಗೂ ಅನಿಸಿರಬೇಕು.

"ನೀ ಕಾಲೇಜಿನ್ಯಾಗ ದುರ್ಬೀನು ಹಚ್ಚಿ ನೋಡ್ತಿಯಲ್ಲವಾ, ಇದರಾಗ ವಿಷ ಐತೇನು ನೋಡಿ ಹೇಳು. ಅಲ್ಲೀತನಕ ನಾ ಇದನ್ನ ಮುಟ್ಟಂಗಿಲ್ಲ" ಎಂದು ಒಂದು ಪೊಟ್ಟಣ ಕೊಟ್ಟ.

ನಾನಾಗ ಗಂಗಾವತಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ಕಾಲುವೆಯ ನೀರಿನಲ್ಲಿ ಬೆಳೆಯುವ ಕಳೆಯ ಎರಡು ತೆಳು ಎಲೆ ಕಿತ್ತು ತಂದೆ. ಒಂದನ್ನು ಬರೀ ನೀರಿನಲ್ಲಿ, ಇನ್ನೊಂದನ್ನು ಪುಡಿ ಕಲಸಿದ ನೀರಿನಲ್ಲಿ ಇಟ್ಟೆ. ಆಮೇಲೆ ರೂಢಿಯಂತೆ ಎರಡಕ್ಕೂ ಕೆಂಪು ಬಣ್ಣ ಹಾಕಿದೆ. ನಮ್ಮಲ್ಲಿ ಬಣ್ಣ ಹಾಕದೆ ಯಾರೂ ಏನನ್ನೂ ನೋಡುತ್ತಿರಲಿಲ್ಲ. ಪರೀಕ್ಷೆಯಲ್ಲಿ ಅಂಕ ಸಿಗುತ್ತಿದ್ದದ್ದೂ ಕೆಂಪು ಚಿತ್ರಕ್ಕೇ. ಸೂಕ್ಷ್ಮದರ್ಶಕದಲ್ಲಿ ಎರಡರ ಜೀವಕೋಶಗಳೂ ಒಂದೇ ಥರ ಕಂಡವು. 'ಏನೂ ಇಲ್ಲ, ತಗೋ' ಎಂದು ಅಪ್ಪನಿಗೆ ಕಾಗದ ಹಾಕಿದೆ.

ತಿಂಗಳ ಮೇಲೆ ಈ ಮಾತು ನಮ್ಮ ವಿಭಾಗದ ಹಿರಿಯ ಮೇಷ್ಟರ ಕಿವಿಗೆ ಬಿತ್ತು.

"ಬಣ್ಣ ಯಾವಾಗ ಹಾಕೀರಿ?"

"ನೋಡೂಕಿಂತ ಮೊದಲೇರಿ, ಸರ್."

"ಬಣ್ಣ ಬಿದ್ದರ ಎರಡೂ ಸಾಯ್ತಾವಲ್ರೀ! ಸತ್ತ ಮ್ಯಾಲೆ ಯಾವುದಕ್ಕ ಏನಾಗಿತ್ತು ಅಂತ ಹೆಂಗ ಗೊತ್ತಾಗಬೇಕು? ಬಣ್ಣ ಇಲ್ಲದ ನೋಡ್ರಿ."

ಹೊಸದಾಗಿ ಎರಡು ಎಲೆ ತಂದು, ಬಣ್ಣ ಹಾಕದೆ ಹಾಗೇ ನೋಡಿದೆ. ಜೀವಕೋಶದ ಅಂಚಿನಗುಂಟ ಹಸಿರು ಕಾಳುಗಳು ಕಣದಲ್ಲಿ ಸುತ್ತುವ ಎತ್ತುಗಳಂತೆ ಒಂದರ ಹಿಂದೊಂದು ಸುತ್ತುತ್ತಿದ್ದವು. ಇಷ್ಟು ವರ್ಷ ನಾನು ನೋಡಿದ್ದು ಹೆಣಗಳನ್ನು. ಪುಡಿಯ ನೀರು ಒಂದು ಹನಿ ಬಿಟ್ಟೆ. ಸುತ್ತು ನಿಧಾನವಾಯಿತು, ನಿಂತಿತು. ತಿಳಿನೀರು ಹಾಕಿ ತೊಳೆದರೂ ಮತ್ತೆ ಹೊರಡಲಿಲ್ಲ. ಪಕ್ಕದಲ್ಲಿ ಬರೀ ನೀರಿನಲ್ಲಿಟ್ಟ ಎಲೆಯಲ್ಲಿ ಮಾತ್ರ ಸುತ್ತಾಟ ನಡೆದೇ ಇತ್ತು.

ಮೇಷ್ಟರು ಬಗ್ಗಿ ನೋಡಿದರು. "ಎಲಿ ಬ್ಯಾರೆ, ಮನುಷ್ಯಾ ಬ್ಯಾರೆ. ಖರೆ, ನಮ್ಮಪ್ಪಗಾದರ ನಾ ಇದನ್ನ ಕೊಡ್ತಿದ್ದಿಲ್ಲ."

ಸಿಕ್ಕ ಬಸ್ಸು ಹತ್ತಿ ಬೇವೂರಿಗೆ ಓಡಿದೆ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಮುಖ ಬಾತುಕೊಂಡಿತ್ತು.

"ಪುಡಿ ಕೊಟ್ಟಂವ ದಿನಕ್ಕ ಒಪ್ಪತ್ತು ತಗೋ ಅಂದಿದ್ದ" ಎಂದ. "ನೀನ ಏನೂ ಇಲ್ಲ ಅಂತ ಬರದಿ. ಅದಕ್ಕ ಎರಡೂ ಹೊತ್ತು ತಗೊಳಾಕತ್ತೀನಿ."

ಬೆಲ್ಲ ಮೂಸುವ ಅಪ್ಪ ನನ್ನ ಕಾಗದವನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದ. ನಾಚಿಕೆಯಿಂದ ನನಗೆ ಅಳು ಬಂತು. "ನಾ ತಪ್ಪು ನೋಡಿದ್ನೆಪ್ಪಾ" ಎಂದೆ. ಅವನು ಬೈಯಲಿಲ್ಲ. ಎದ್ದು ಹೋಗಿ ಉಳಿದ ಪುಡಿಯನ್ನು ತಿಪ್ಪೆಗೆ ಸುರಿದು ಬಂದ.

ಕೊಪ್ಪಳದ ಡಾಕ್ಟರು ಕೊಟ್ಟ ಔಷಧಿಗೆ ಬಾವು ಇಳಿಯಲು ತಿಂಗಳುಗಳೇ ಹಿಡಿದವು. ಮೊಣಕಾಲು ನೋವು ತಿರುಗಿ ಬಂತು. ಆಮೇಲೆ ನಾನು ಊರಿಗೆ ಹೋದಾಗಲೆಲ್ಲ, 'ಹಾಲು ಉಕ್ಕಿತು' ಎಂದು ಒಳಗಿನಿಂದ ಕೂಗಿದರೂ ಅಪ್ಪ ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದ:

"ನೆಟ್ಟಗ ನೋಡೀದ್ಯೇನವಾ?"